ನೋಡ್ ಕೊಡುವ ಉತ್ತರದಲ್ಲಿ ವಹಿವಾಟು ಎಷ್ಟು, ವ್ಯಾಖ್ಯಾನ ಎಷ್ಟು?

ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ 2009ರ ಜನವರಿ 3ರದು. ಅದರೊಳಗೆ ಇರುವುದು ಒಂದೇ ವಹಿವಾಟು: 50 ಬಿಟ್‌ಕಾಯಿನ್ ಹುಟ್ಟಿಸುವ ಕಾಯಿನ್‌ಬೇಸ್. ಅದರ ಐಡಿ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಎಲ್ಲರಿಗೂ ಪರಿಚಿತ. ಆ ಬ್ಲಾಕಿನ ಬೈಟುಗಳನ್ನು ಕಟ್ಟಿಕೊಡುವ ಸಾಲುಗಳು ತಂತ್ರಾಂಶದ ಮೂಲಸಂಕೇತದಲ್ಲೇ ಇವೆ. ಆದರೂ ಬಿಟ್‌ಕಾಯಿನ್ ಕೋರ್ ಎಂಬ ಆ ನೋಡ್ ತಂತ್ರಾಂಶದ ‘ಗೆಟ್‌ರಾಟ್ರಾನ್ಸಾಕ್ಷನ್’ ಎಂಬ ಕರೆಗೆ ಆ ಐಡಿ ಕೊಟ್ಟು ನೋಡಿದರೆ ವಹಿವಾಟು ಬರುವುದಿಲ್ಲ. ಇದನ್ನು ಸಾಮಾನ್ಯ ವಹಿವಾಟೆಂದು ಪರಿಗಣಿಸಿಲ್ಲ, ಆದ್ದರಿಂದ ತೆಗೆದುಕೊಡಲಾಗದು ಎಂಬ ಅರ್ಥದ ದೋಷಸಂದೇಶ ಬರುತ್ತದೆ. ಅದೇ ನೋಡ್‌ಗೆ ‘ಗೆಟ್‌ಬ್ಲಾಕ್’ ಮೂಲಕ ಇಡೀ ಬ್ಲಾಕನ್ನು ಕೇಳಿದರೆ ಅದೇ ವಹಿವಾಟು ಬ್ಲಾಕಿನೊಳಗೆ ಕುಳಿತು ಬರುತ್ತದೆ.

ತಂತ್ರಾಂಶದಲ್ಲಿ ಇದಕ್ಕೆಂದೇ ಬರೆದ ಪರೀಕ್ಷೆಯೊಂದಿದೆ. ಕೇಳಿದ ಐಡಿ ಮೊದಲ ಬ್ಲಾಕಿನ ಮರ್ಕಲ್ ಮೂಲಕ್ಕೆ ಸಮವೇ ಎಂದು ಅದು ನೋಡುತ್ತದೆ. ಒಂದೇ ವಹಿವಾಟಿರುವ ಬ್ಲಾಕಿನಲ್ಲಿ ಮರ್ಕಲ್ ಮೂಲವೆಂದರೆ ಆ ವಹಿವಾಟಿನ ಐಡಿಯೇ. ಮೊದಲ ಬ್ಲಾಕಿನ ಔಟ್‌ಪುಟ್ ಖರ್ಚಾಗದ ಔಟ್‌ಪುಟ್‌ಗಳ ಪಟ್ಟಿಗೆ ಎಂದೂ ಸೇರಲಿಲ್ಲ, ಹಾಗಾಗಿ ಆ 50 ಬಿಟ್‌ಕಾಯಿನ್‌ಗಳನ್ನು ಯಾರೂ ಖರ್ಚು ಮಾಡಲಾರರು.

ಈ ಉದಾಹರಣೆಯನ್ನು ಮೊದಲಿಗೆ ಇಡಲು ಕಾರಣವಿದೆ. ಬ್ಲಾಕ್‌ಚೈನ್ ದತ್ತಾಂಶವನ್ನು ಆಧಾರವಾಗಿ ಇಟ್ಟುಕೊಂಡ ಅರ್ಥಶಾಸ್ತ್ರ, ಅಪರಾಧಶಾಸ್ತ್ರ, ಲೆಕ್ಕಪರಿಶೋಧನೆಯ ಬರಹಗಳಲ್ಲಿ “ಚೈನ್‌ನಲ್ಲಿ ಹೀಗಿದೆ” ಎಂಬ ಮಾತು ಬಹಳ ಸಲೀಸಾಗಿ ಬರುತ್ತದೆ. ಲೇಖಕರು ನೋಡಿರುವುದು ಚೈನನ್ನಲ್ಲ, ಒಂದು ಎಪಿಐ ಕೊಟ್ಟ ಉತ್ತರವನ್ನು. ಶಾಸನವನ್ನು ಸಂಪಾದಿಸುವವರು ಅಳಿಸಿಹೋದ ಅಕ್ಷರಗಳನ್ನು ಊಹಿಸಿ ತುಂಬಿದರೆ ಅವನ್ನು ಕಂಸದೊಳಗೆ ಹಾಕುತ್ತಾರೆ. ಕಲ್ಲಿನ ಮೇಲಿರುವುದು ಯಾವುದು, ಸಂಪಾದಕರು ಸೇರಿಸಿದ್ದು ಯಾವುದು ಎಂದು ಓದುಗನಿಗೆ ತಿಳಿಯುತ್ತದೆ. ಎಪಿಐ ಕೊಡುವ ಜೆಸನ್ ಉತ್ತರದಲ್ಲಿ ಅಂಥ ಕಂಸಗಳಿಲ್ಲ. ವಹಿವಾಟಿನ ಬೈಟುಗಳಲ್ಲೇ ಇರುವುದು, ನೋಡ್ ಬೇರೆ ದಾಖಲೆಗಳಿಂದ ಲೆಕ್ಕ ಹಾಕಿ ತುಂಬಿದ್ದು, ಕೇಳಿದ ಕ್ಷಣಕ್ಕೆ ಮಾತ್ರ ನಿಜವಾಗಿರುವುದು, ಎಲ್ಲವೂ ಒಂದೇ ಸಾಲಿನಲ್ಲಿ ಒಂದೇ ಮುಖದಲ್ಲಿ ನಿಂತಿರುತ್ತವೆ. ಆ ಕಂಸಗಳನ್ನು ಸಂಶೋಧಕನೇ ಹಾಕಿಕೊಳ್ಳಬೇಕು. ಯಾವ ಅಂಶಕ್ಕೆ, ಏಕೆ ಎಂಬುದನ್ನು ಕೆಲವು ನಿಜ ವಹಿವಾಟುಗಳ ಮೂಲಕ ತೋರಿಸುವುದು ಈ ಟಿಪ್ಪಣಿಯ ಕೆಲಸ.

ಮೊದಲು ಸೂಚಿಯ ವಿಷಯ. ಪೂರ್ಣ ನೋಡ್ ಎಂದರೆ ಎಲ್ಲ ವಹಿವಾಟುಗಳನ್ನೂ ಐಡಿ ಹಿಡಿದು ಹುಡುಕಿಕೊಡುವ ಯಂತ್ರ ಎಂಬ ಭಾವನೆ ಸಾಮಾನ್ಯವಾಗಿದೆ. 2013ರ ಫೆಬ್ರವರಿಯಲ್ಲಿ ಬಂದ 0.8 ಆವೃತ್ತಿಗೂ ಮುಂಚೆ ಅದು ನಿಜವಾಗಿತ್ತು. ಆ ಆವೃತ್ತಿಯಲ್ಲಿ ದತ್ತಸಂಚಯವನ್ನು ಬರ್ಕ್ಲಿ ಡಿಬಿಯಿಂದ ಲೆವೆಲ್‌ಡಿಬಿಗೆ ಬದಲಿಸಿ, ಹೊಸ ವಹಿವಾಟುಗಳನ್ನು ಪರಿಶೀಲಿಸಲು ಬೇಕಾದ ಖರ್ಚಾಗದ ಔಟ್‌ಪುಟ್‌ಗಳ ಪಟ್ಟಿಯನ್ನಷ್ಟೇ ಕೈಗೆಟಕುವಂತೆ ಇಡಲಾಯಿತು. ಪೂರ್ತಿ ಸೂಚಿ ಬೇಕಾದವರು ‘ಟಿಎಕ್ಸ್‌ಇಂಡೆಕ್ಸ್’ ಆಯ್ಕೆಯನ್ನು ತಾವೇ ಚಾಲೂ ಮಾಡಿಕೊಳ್ಳಬೇಕು. ಅದಿಲ್ಲದ ನೋಡ್ ಇನ್ನೂ ಬ್ಲಾಕಿಗೆ ಸೇರದೆ ಕಾಯುತ್ತಿರುವ ವಹಿವಾಟುಗಳನ್ನು ಬಿಟ್ಟರೆ ಬೇರೇನನ್ನೂ ಐಡಿ ಒಂದರಿಂದಲೇ ಹುಡುಕಿಕೊಡದು. ಯಾವ ಬ್ಲಾಕಿನಲ್ಲಿದೆ ಎಂದು ಅದರ ಹ್ಯಾಶ್ ಕೂಡ ಕೊಡಬೇಕು. ಹಳೆಯ ಬ್ಲಾಕುಗಳನ್ನು ಅಳಿಸಿ ಜಾಗ ಉಳಿಸುವ ನೋಡ್‌ನಲ್ಲಿ ಈ ಸೂಚಿಯನ್ನು ಇಡುವಂತೆಯೇ ಇಲ್ಲ. ಇನ್ನು ‘ಗೆಟ್‌ಟ್ರಾನ್ಸಾಕ್ಷನ್’ ಎಂಬ ಹೆಸರಿನ ಕರೆ ನೋಡ್‌ನ ಸ್ವಂತ ವಾಲೆಟ್‌ಗೆ ಸೇರಿದ ವಹಿವಾಟುಗಳನ್ನು ಮಾತ್ರ ಬಲ್ಲದು. ಆದ್ದರಿಂದ “ಅಂಥ ವಹಿವಾಟು ಸಿಗಲಿಲ್ಲ” ಎಂಬ ಉತ್ತರವನ್ನು “ಅಂಥ ವಹಿವಾಟು ಇಲ್ಲ” ಎಂದು ಓದುವಂತಿಲ್ಲ.

ಈಗ ವಹಿವಾಟಿನ ಒಳಗೆ ಏನಿದೆ ಎಂಬುದಕ್ಕೆ ಬರೋಣ. ಇದಕ್ಕೆ 57,043ನೇ ಬ್ಲಾಕಿನಲ್ಲಿರುವ, 2010ರ ಮೇ 22ರ ವಹಿವಾಟಿಗಿಂತ ಒಳ್ಳೆಯ ಮಾದರಿ ಇಲ್ಲ. ಫ್ಲೋರಿಡಾದ ಪ್ರೋಗ್ರಾಮರ್ ಲಾಸ್ಲೊ ಹಾನ್ಯೆಟ್ಸ್ ಎರಡು ಪಿಜ್ಜಾಗಳಿಗಾಗಿ 10,000 ಬಿಟ್‌ಕಾಯಿನ್ ಕೊಟ್ಟದ್ದು ಇದರಲ್ಲೇ. ಕಚ್ಚಾ ಬೈಟುಗಳನ್ನು ಬಿಡಿಸಿದರೆ ಕಾಣುವುದು ಇಷ್ಟು: ಆವೃತ್ತಿಯ ಸಂಖ್ಯೆ, 131 ಇನ್‌ಪುಟ್‌ಗಳು, ಒಂದೇ ಒಂದು ಔಟ್‌ಪುಟ್, ಕೊನೆಗೆ ಲಾಕ್‌ಟೈಮ್. ಪಿಜ್ಜಾದ ಸುಳಿವಿಲ್ಲ ಎಂಬುದು ಎಲ್ಲರೂ ಊಹಿಸುವ ಮಾತು. ಆದರೆ ಅಲ್ಲಿ ಕೊಟ್ಟವನ ವಿಳಾಸವೂ ಇಲ್ಲ, ಇನ್‌ಪುಟ್‌ಗಳ ಮೊತ್ತವೂ ಇಲ್ಲ, ಶುಲ್ಕವೂ ಇಲ್ಲ, ದಿನಾಂಕವೂ ಇಲ್ಲ.

ಪ್ರತಿ ಇನ್‌ಪುಟ್‌ನಲ್ಲಿರುವುದು ಹಿಂದಿನ ಒಂದು ವಹಿವಾಟಿನ ಐಡಿ, ಅದರ ಎಷ್ಟನೇ ಔಟ್‌ಪುಟ್ ಎಂಬ ಸಂಖ್ಯೆ, ಸಹಿ ಇರುವ ಸ್ಕ್ರಿಪ್ಟ್, ಒಂದು ಕ್ರಮಸಂಖ್ಯೆ. ಆ ಔಟ್‌ಪುಟ್‌ನಲ್ಲಿ ಎಷ್ಟಿತ್ತು ಎಂದು ತಿಳಿಯಬೇಕಾದರೆ ಹಿಂದಿನ ವಹಿವಾಟನ್ನು ತೆರೆಯಬೇಕು. ಪಿಜ್ಜಾ ವಹಿವಾಟಿಗೆ ಇದನ್ನು ಎಲ್ಲ 131 ಇನ್‌ಪುಟ್‌ಗಳಿಗೂ ಮಾಡಿ ಕೂಡಿಸಿದರೆ 10,000.99 ಬಿಟ್‌ಕಾಯಿನ್ ಆಗುತ್ತದೆ. ಔಟ್‌ಪುಟ್‌ನಲ್ಲಿ 10,000 ಇದೆ. ಉಳಿದ 0.99 ಬಿಟ್‌ಕಾಯಿನ್ ಬ್ಲಾಕ್ ಕಟ್ಟಿದವರಿಗೆ ಸಂದ ಶುಲ್ಕ. ಬಿಟ್‌ಕಾಯಿನ್‌ನಲ್ಲಿ ಶುಲ್ಕವೆಂದರೆ ಎಲ್ಲೂ ಬರೆದಿಡದ, ಒಳಬಂದದ್ದರಿಂದ ಹೊರಹೋದದ್ದನ್ನು ಕಳೆದಾಗ ಉಳಿಯುವ ಮೊತ್ತ. ಎಪಿಐ ಉತ್ತರದಲ್ಲಿ ‘ಫೀ’ ಎಂಬ ಸಾಲು ಕಂಡರೆ ಅದು ಲೆಕ್ಕದ ಫಲ, ದಾಖಲೆಯಲ್ಲ ಎಂದು ತಿಳಿಯಬೇಕು.

ಈ ಲೆಕ್ಕವನ್ನು ನೋಡ್ ಎಲ್ಲಿಂದ ಮಾಡುತ್ತದೆ ಎಂಬುದೂ ಗಮನಾರ್ಹ. ಬ್ಲಾಕ್ ಕಡತಗಳ ಜೊತೆಗೇ ಬಿಟ್‌ಕಾಯಿನ್ ಕೋರ್ ಇನ್ನೊಂದು ಬಗೆಯ ಕಡತಗಳನ್ನು ಇಟ್ಟುಕೊಂಡಿರುತ್ತದೆ. ಒಂದು ಬ್ಲಾಕನ್ನು ರದ್ದು ಮಾಡಬೇಕಾಗಿ ಬಂದರೆ ಹಿಂದಿನ ಸ್ಥಿತಿಗೆ ಮರಳಲು, ಆ ಬ್ಲಾಕ್ ಖರ್ಚು ಮಾಡಿದ ಔಟ್‌ಪುಟ್‌ಗಳ ವಿವರವನ್ನು ಅವುಗಳಲ್ಲಿ ಬರೆದಿರುತ್ತದೆ. 2023ರ 25.0 ಆವೃತ್ತಿಯಿಂದ ‘ಗೆಟ್‌ರಾಟ್ರಾನ್ಸಾಕ್ಷನ್’ ಕರೆಗೆ ವಿವರದ ಮಟ್ಟ 2 ಎಂದು ಹೇಳಿದರೆ, ಈ ಕಡತಗಳನ್ನು ನೋಡಿ ಪ್ರತಿ ಇನ್‌ಪುಟ್‌ನ ಹಿಂದಿನ ಔಟ್‌ಪುಟ್ಟನ್ನೂ ಶುಲ್ಕವನ್ನೂ ಸೇರಿಸಿ ಕೊಡುತ್ತದೆ. ಅದಕ್ಕೂ ಮುಂಚಿನ ಆವೃತ್ತಿಗಳಲ್ಲಿ ಇದೇ ಕರೆಯನ್ನು ಬಳಸಿದವರು 131 ಬಾರಿ ಬೇರೆ ಬೇರೆಯಾಗಿ ಕೇಳಬೇಕಿತ್ತು. ನನ್ನ ಮಟ್ಟಿಗೆ ಇದು ಬಹಳ ಉಪಕಾರದ ಬದಲಾವಣೆ. ಆದರೆ ಉತ್ತರದ ಒಂದು ಭಾಗ ಈ ವಹಿವಾಟಿನದು, ಇನ್ನೊಂದು ಭಾಗ ಬೇರೆ ವಹಿವಾಟುಗಳದು ಎಂಬ ಗೆರೆ ಇದರಿಂದ ಇನ್ನಷ್ಟು ಮಾಸುತ್ತದೆ.

ವಿಳಾಸದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. 170ನೇ ಬ್ಲಾಕಿನಲ್ಲಿ ಸತೋಶಿ ನಕಮೊಟೊ ಹೆಸರಿನ ವ್ಯಕ್ತಿ ಹಾಲ್ ಫಿನ್ನಿ ಅವರಿಗೆ 10 ಬಿಟ್‌ಕಾಯಿನ್ ಕಳಿಸಿದ ವಹಿವಾಟಿದೆ. 9ನೇ ಬ್ಲಾಕಿನಲ್ಲಿ ಹುಟ್ಟಿದ 50ನ್ನು ಒಡೆದು 10 ಫಿನ್ನಿ ಅವರಿಗೆ, 40 ಮರಳಿ ಕಳಿಸಿದವರಿಗೇ. ಅನೇಕ ಜಾಲತಾಣಗಳು ಈ ವಹಿವಾಟಿನ ಎರಡೂ ಬದಿಯಲ್ಲಿ 1ರಿಂದ ಶುರುವಾಗುವ ವಿಳಾಸಗಳನ್ನು ತೋರಿಸುತ್ತವೆ. ಬೈಟುಗಳಲ್ಲಿ ಆ ವಿಳಾಸಗಳು ಇಲ್ಲ. ಅಲ್ಲಿರುವುದು ಪೂರ್ಣ ಸಾರ್ವಜನಿಕ ಕೀಲಿ ಮತ್ತು ಸಹಿ ಪರಿಶೀಲಿಸುವ ಒಂದು ಸೂಚನೆ ಮಾತ್ರ. ಕೀಲಿಯನ್ನು ಹ್ಯಾಶ್ ಮಾಡಿ ವಿಳಾಸವೊಂದನ್ನು ಹೊರಡಿಸುವುದು ಸಾಧ್ಯ, ಆದರೆ ಹಾಗೆ ಹೊರಡಿಸಿದ ವಿಳಾಸಕ್ಕೆ ಇಂದು ಯಾರಾದರೂ ಹಣ ಕಳಿಸಿದರೆ ಹುಟ್ಟುವುದು ಬೇರೆಯೇ ಬಗೆಯ ಔಟ್‌ಪುಟ್. ಬಿಟ್‌ಕಾಯಿನ್ ಕೋರ್ ಕೂಡ ಮೊದಲು ಇಂಥ ಔಟ್‌ಪುಟ್‌ಗಳಿಗೆ ವಿಳಾಸ ತೋರಿಸುತ್ತಿತ್ತು, 2021ರ 22.0 ಆವೃತ್ತಿಯಲ್ಲಿ ವಿಳಾಸದ ಅಂಶವನ್ನು ಮಾರ್ಪಡಿಸಿದಾಗ ಬರಿಯ ಕೀಲಿಯ ಔಟ್‌ಪುಟ್‌ಗಳಿಗೆ ವಿಳಾಸ ಕೊಡುವುದನ್ನು ಬಿಟ್ಟಿತು. ಅಂದರೆ ಚೈನ್‌ನ ಒಂದು ಬೈಟೂ ಬದಲಾಗದೆ, ನೋಡ್‌ನ ಆವೃತ್ತಿ ಬದಲಾದ ಮಾತ್ರಕ್ಕೆ, 2009ರ ಬ್ಲಾಕುಗಳಲ್ಲಿ ಎಷ್ಟು ವಿಳಾಸಗಳಿವೆ ಎಂಬ ಎಣಿಕೆ ಬದಲಾಗುತ್ತದೆ. ಆರಂಭದ ವರ್ಷಗಳ ಸಂಪತ್ತಿನ ಹಂಚಿಕೆ ಕುರಿತು ಬರೆಯುವವರು ನೋಡ್‌ನ ಆವೃತ್ತಿಯನ್ನು ನಮೂದಿಸದೆ ಇದ್ದರೆ ಅವರ ಕೋಷ್ಟಕವನ್ನು ಇನ್ನೊಬ್ಬರು ಪರಿಶೀಲಿಸಲಾರರು.

ಕಾಲದ ವಿಷಯಕ್ಕೂ ಅದೇ 170ನೇ ಬ್ಲಾಕ್ ಉಪಯುಕ್ತ. ಎಪಿಐ ಉತ್ತರದಲ್ಲಿ ‘ಟೈಮ್’, ‘ಬ್ಲಾಕ್‌ಟೈಮ್’ ಎಂಬ ಎರಡು ಸಾಲುಗಳಿರುತ್ತವೆ. ಎರಡರಲ್ಲೂ ಒಂದೇ ಸಂಖ್ಯೆ. ವಹಿವಾಟಿಗೆ ತನ್ನದೇ ಸಮಯವಿಲ್ಲ. ಬ್ಲಾಕಿನ ಶಿರೋಭಾಗದಲ್ಲಿ ಅದನ್ನು ಕಟ್ಟಿದವರು ಬರೆದ ಸಮಯವನ್ನೇ ಎರಡು ಕಡೆ ಇಟ್ಟಿರುತ್ತಾರೆ. ಆ ಸಮಯಕ್ಕಿರುವ ಕಟ್ಟುಪಾಡು ಸಡಿಲವಾದದ್ದು: ಹಿಂದಿನ 11 ಬ್ಲಾಕುಗಳ ಸಮಯಗಳ ಮಧ್ಯಾಂಕಕ್ಕಿಂತ ಮುಂದಿರಬೇಕು, ನೋಡ್‌ನ ಗಡಿಯಾರಕ್ಕಿಂತ 2 ಗಂಟೆಗೂ ಮೀರಿ ಮುಂದಿರಬಾರದು. ಇದರಿಂದಾಗಿ ನಂತರದ ಬ್ಲಾಕಿನ ಸಮಯ ಮೊದಲಿನ ಬ್ಲಾಕಿಗಿಂತ ಹಿಂದಿರುವುದು ನಿಯಮಕ್ಕೆ ವಿರುದ್ಧವಲ್ಲ, ಹಾಗೆ ಆಗುತ್ತಲೂ ಇರುತ್ತದೆ. ನಿಮಿಷಗಳ ಲೆಕ್ಕದಲ್ಲಿ ವಹಿವಾಟುಗಳ ಕ್ರಮವನ್ನು ವಾದಿಸುವ ಪ್ರಬಂಧಗಳು ಬ್ಲಾಕ್ ಸಂಖ್ಯೆಯನ್ನು ನೆಚ್ಚಬೇಕೇ ಹೊರತು ಈ ಸಮಯವನ್ನಲ್ಲ.

ಜೊತೆಗೆ ಈ ಸಂಖ್ಯೆ ಯುಟಿಸಿ ಕಾಲಮಾನದ್ದು. 170ನೇ ಬ್ಲಾಕಿನ ಸಮಯ 2009ರ ಜನವರಿ 12ರ 03:30:25. ಭಾರತದಲ್ಲಿ ಆಗ ಬೆಳಿಗ್ಗೆ 9 ಗಂಟೆ. ಫಿನ್ನಿ ಅವರಿದ್ದ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಜನವರಿ 11ರ ಸಂಜೆ. ಇದು ಬರಿಯ ಇತಿಹಾಸದ ಕುತೂಹಲವಲ್ಲ. 2022ರ ಏಪ್ರಿಲ್ 1ರಿಂದ ಭಾರತದಲ್ಲಿ ಇಂಥ ಡಿಜಿಟಲ್ ಆಸ್ತಿಗಳ ವರ್ಗಾವಣೆಯ ಆದಾಯಕ್ಕೆ ಶೇ 30 ತೆರಿಗೆ, ಅದೇ ವರ್ಷದ ಜುಲೈ 1ರಿಂದ ಶೇ 1 ಮೂಲದಲ್ಲೇ ಕಡಿತ ಜಾರಿಗೆ ಬಂದಿವೆ. ಮಾರ್ಚ್ 31ರಂದು ಯುಟಿಸಿ 18:30ರ ನಂತರ ಬಂದ ಬ್ಲಾಕ್ ನಮ್ಮ ಗಡಿಯಾರದಲ್ಲಿ ಏಪ್ರಿಲ್ 1ರದು, ಮುಂದಿನ ಹಣಕಾಸು ವರ್ಷದ್ದು. ಎಪಿಐ ಕೊಟ್ಟ ದಿನಾಂಕವನ್ನು ಹಾಗೆಯೇ ವಹಿಗೆ ಇಳಿಸಿದರೆ ಆ ಐದೂವರೆ ಗಂಟೆಯ ವಹಿವಾಟುಗಳೆಲ್ಲ ತಪ್ಪು ವರ್ಷಕ್ಕೆ ಸೇರುತ್ತವೆ.

ಮೊತ್ತದ ಬಗ್ಗೆ ಒಂದೇ ಮಾತು. ಬೈಟುಗಳಲ್ಲಿ ಮೊತ್ತವಿರುವುದು ಸತೋಶಿ ಎಂಬ ಪೂರ್ಣಾಂಕ ಮಾನದಲ್ಲಿ, ಒಂದು ಬಿಟ್‌ಕಾಯಿನ್‌ಗೆ 10 ಕೋಟಿ. ನೋಡ್ ಅದನ್ನು ಎಂಟು ದಶಮಾಂಶದ ಸಂಖ್ಯೆಯಾಗಿ ಕೊಡುತ್ತದೆ. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಅದನ್ನು ದ್ವಿಮಾನ ತೇಲುಬಿಂದು ಸಂಖ್ಯೆಯಾಗಿ ಓದಿದ ಕ್ಷಣದಿಂದ ಕೂಡಿಸುವಾಗ ಚಿಲ್ಲರೆ ದೋಷಗಳು ಸೇರತೊಡಗುತ್ತವೆ. ಓದುವಾಗಲೇ ಸತೋಶಿಗೆ ಬದಲಿಸಿಕೊಂಡರೆ ತೊಂದರೆ ಇಲ್ಲ, 2.1 ಕೋಟಿ ಬಿಟ್‌ಕಾಯಿನ್‌ಗಳ ಇಡೀ ಮಿತಿಯೂ ಆ ಭಾಷೆಗಳು ನಿಖರವಾಗಿ ಹಿಡಿಯಬಲ್ಲ ಪೂರ್ಣಾಂಕದೊಳಗೇ ಇದೆ.

ಇಷ್ಟೆಲ್ಲ ಜಾಗ್ರತೆಯ ನಡುವೆ ಐಡಿ ಮಾತ್ರ ಗಟ್ಟಿ ನೆಲ ಎಂದು ತೋರುತ್ತದೆ. ವಹಿವಾಟಿನ ಬೈಟುಗಳನ್ನು ಎಸ್‌ಎಚ್‌ಎ-256ರಲ್ಲಿ ಎರಡು ಸಲ ಹ್ಯಾಶ್ ಮಾಡಿ, ಬಂದ 32 ಬೈಟುಗಳನ್ನು ಹಿಂದುಮುಂದಾಗಿ ಬರೆದರೆ ಐಡಿ ಸಿಗುತ್ತದೆ. ಎರಡು ವಹಿವಾಟುಗಳಿಗೆ ಒಂದೇ ಐಡಿ ಬರಲು ಅವುಗಳ ಬೈಟುಗಳೇ ಒಂದಾಗಿರಬೇಕು. 2010ರ ನವೆಂಬರ್‌ನಲ್ಲಿ ಹಾಗೆಯೇ ಆಯಿತು. 91,812ನೇ ಬ್ಲಾಕಿನ ಕಾಯಿನ್‌ಬೇಸ್ 91,842ರಲ್ಲಿ ಅಕ್ಷರಶಃ ಮತ್ತೆ ಬಂತು, 91,722ರದು 91,880ರಲ್ಲಿ ಮತ್ತೆ ಬಂತು. ಕಾಯಿನ್‌ಬೇಸ್ ಹಿಂದಿನ ಯಾವ ಔಟ್‌ಪುಟ್ಟನ್ನೂ ಖರ್ಚು ಮಾಡುವುದಿಲ್ಲವಾದ್ದರಿಂದ, ಅದೇ ಕೀಲಿಗೆ ಅದೇ ಮೊತ್ತ, ಅದೇ ತುಂಬುಪದ ಇಟ್ಟರೆ ಬೈಟುಗಳು ಒಂದೇ ಆಗುತ್ತವೆ. ಖರ್ಚಾಗದ ಔಟ್‌ಪುಟ್‌ಗಳ ಪಟ್ಟಿಯಲ್ಲಿ ಎರಡನೆಯದು ಮೊದಲನೆಯದರ ಮೇಲೆ ಬರೆದುಕೊಂಡಿತು. ಹೀಗೆ 50 ಮತ್ತು 50, ಒಟ್ಟು 100 ಬಿಟ್‌ಕಾಯಿನ್ ಚೈನ್‌ನ ಬ್ಲಾಕುಗಳಲ್ಲಿ ಹುಟ್ಟಿಯೂ ಲೆಕ್ಕದಿಂದ ಮಾಯವಾದವು.

ಐಡಿಯನ್ನೇ ಪ್ರಧಾನ ಕೀಲಿಯಾಗಿ ಇಟ್ಟು ದತ್ತಸಂಚಯ ಕಟ್ಟಿದವರ ಕಾರ್ಯಕ್ರಮ 91,842ನೇ ಬ್ಲಾಕಿಗೆ ಬಂದು ನಿಲ್ಲುತ್ತದೆ. ದೋಷ ತೋರಿ ನಿಂತರೆ ಒಳ್ಳೆಯದೇ. ಸದ್ದಿಲ್ಲದೆ ಹಳೆಯ ಸಾಲನ್ನು ಅಳಿಸಿ ಮುಂದೆ ಹೋದರೆ ಉತ್ಪತ್ತಿಯಾದ ನಾಣ್ಯಗಳ ಮೊತ್ತ ತಪ್ಪುತ್ತದೆ. ನೋಡ್‌ನ ಸೂಚಿಯೂ ಒಂದು ಐಡಿಗೆ ಒಂದೇ ಜಾಗವನ್ನು ನೆನಪಿಡುತ್ತದೆ, ಆದ್ದರಿಂದ ಬ್ಲಾಕಿನ ಹ್ಯಾಶ್ ಜೊತೆಗೆ ಕೇಳಿದಾಗ ಮಾತ್ರ ಎರಡೂ ಪ್ರತಿಗಳು ಕೈಗೆ ಸಿಗುತ್ತವೆ. ಇಂಥ ಪುನರಾವರ್ತನೆಯನ್ನು 2012ರಲ್ಲಿ ನಿಯಮ ತಂದು ತಡೆದರು. 2013ರ ಮಾರ್ಚ್‌ನಿಂದ ಪ್ರತಿ ಕಾಯಿನ್‌ಬೇಸ್‌ನಲ್ಲೂ ಬ್ಲಾಕಿನ ಸಂಖ್ಯೆಯನ್ನು ಬರೆಯುವುದು ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕೆಲವು ಕಾಯಿನ್‌ಬೇಸ್‌ಗಳಲ್ಲಿ ಆ ಜಾಗದಲ್ಲಿ ಇದ್ದ ಬೈಟುಗಳನ್ನು ಸಂಖ್ಯೆಯಾಗಿ ಓದಿದರೆ ಭವಿಷ್ಯದ ಬ್ಲಾಕ್ ಸಂಖ್ಯೆಗಳು ಬರುತ್ತವೆ. ಅವುಗಳಲ್ಲಿ 1,983,702ನೇ ಬ್ಲಾಕ್, ಅಂದಾಜು 2046ರ ಹೊತ್ತಿಗೆ ಬರುವಂಥದು, ಮತ್ತೆ ಪರಿಶೀಲನೆ ಬೇಕಾದ ಜಾಗವೆಂದು ಮೂಲಸಂಕೇತದಲ್ಲೇ ಗುರುತು ಹಾಕಲಾಗಿದೆ.

ಬ್ಲಾಕಿನ ಸಂಖ್ಯೆಯೂ ಗಟ್ಟಿಯಲ್ಲ. 2010ರ ಆಗಸ್ಟ್ 15ರಂದು 74,638ನೇ ಬ್ಲಾಕಿನಲ್ಲಿ, ಮೊತ್ತಗಳನ್ನು ಕೂಡಿಸುವಾಗ ಸಂಖ್ಯೆ ಉಕ್ಕಿಹರಿದ ದೋಷದಿಂದ, ಸುಮಾರು 18,446 ಕೋಟಿ ಬಿಟ್‌ಕಾಯಿನ್ ಹುಟ್ಟಿಸಿದ ವಹಿವಾಟೊಂದು ಸೇರಿಹೋಯಿತು. ಕೆಲವೇ ಗಂಟೆಗಳಲ್ಲಿ ತಿದ್ದಿದ ತಂತ್ರಾಂಶ ಬಂತು, ಸರಿಯಾದ ಚೈನ್ ಬೆಳೆದು ಕೆಟ್ಟದ್ದನ್ನು ಹಿಂದಿಕ್ಕಿತು. ಇಂದು ನೋಡ್‌ಗೆ 74,638 ಎಂದರೆ ಅದು ನಿರುಪದ್ರವಿಯಾದ ಬೇರೊಂದು ಬ್ಲಾಕನ್ನು ಕೊಡುತ್ತದೆ. 2013ರ ಮಾರ್ಚ್ 11-12ರಂದು 0.7 ಮತ್ತು 0.8 ಆವೃತ್ತಿಗಳು 225,430ನೇ ಬ್ಲಾಕಿನ ಬಗ್ಗೆ ಭಿನ್ನಮತ ತಾಳಿ ಚೈನ್ ಇಬ್ಭಾಗವಾದಾಗ 24 ಬ್ಲಾಕುಗಳನ್ನು ಕೈಬಿಡಲಾಯಿತು. ಆ ಅವಧಿಯಲ್ಲಿ ಸುಮಾರು 10,000 ಡಾಲರ್ ಮೌಲ್ಯದ ಒಂದು ಪಾವತಿ ಎರಡು ಸಲ ಖರ್ಚಾಯಿತು. ‘ಕನ್ಫರ್ಮೇಷನ್ಸ್’ ಎಂಬ ಸಾಲಿನಲ್ಲಿರುವ ಸಂಖ್ಯೆ ಬ್ಲಾಕಿನ ಗುಣವಲ್ಲ, ಕೇಳಿದ ಕ್ಷಣದಲ್ಲಿ ಆ ನೋಡ್‌ನ ನಿಲುವು. ಕೈಬಿಟ್ಟ ಬ್ಲಾಕನ್ನು ಉಳಿಸಿಕೊಂಡಿರುವ ಹಳೆಯ ನೋಡ್‌ಗೆ ಅದರ ಹ್ಯಾಶ್ ಕೊಟ್ಟರೆ ಆ ಸಾಲಿನಲ್ಲಿ -1 ಬರುತ್ತದೆ. ಹೊಸದಾಗಿ ಆರಂಭಿಸಿದ ನೋಡ್‌ನಲ್ಲಿ ಆ ಬ್ಲಾಕೇ ಸಾಮಾನ್ಯವಾಗಿ ಇರುವುದಿಲ್ಲ.

ಎಥಿರಿಯಂನಲ್ಲಿ ಈ ಸಮಸ್ಯೆಗಳ ಆಕಾರ ಬೇರೆ. ಹ್ಯಾಶ್ ಕೊಟ್ಟು ವಹಿವಾಟನ್ನು ಕೇಳುವ ಕರೆ ಒಂದು, ಅದರ ರಸೀದಿಯನ್ನು ಕೇಳುವ ಕರೆ ಇನ್ನೊಂದು; ವಹಿವಾಟು ಸಫಲವಾಯಿತೇ ಎಂಬುದು ರಸೀದಿಯಲ್ಲಿದೆ, ಅದೂ 2017ರ ಅಕ್ಟೋಬರ್‌ನ ಬೈಜಾಂಟಿಯಂ ಮಾರ್ಪಾಡಿನ ನಂತರದ ಬ್ಲಾಕುಗಳಿಗೆ ಮಾತ್ರ. ಕಳಿಸಿದವರ ವಿಳಾಸವನ್ನು ಸಹಿಯಿಂದ ಹೊರಡಿಸಬೇಕು. ಕಾಂಟ್ರಾಕ್ಟ್ ಒಳಗಿಂದ ಒಳಗೆ ಈಥರ್ ಸರಿದಾಡಿದರೆ ಅದು ವಹಿವಾಟಾಗಿ ಎಲ್ಲೂ ಕಾಣದು, ಇಡೀ ನಡೆಯನ್ನು ಮತ್ತೆ ಓಡಿಸಿ ನೋಡಬೇಕು. ಎಲ್ಲಕ್ಕಿಂತ ದೊಡ್ಡ ಉದಾಹರಣೆ 2016ರ ಜುಲೈ 20ರ 1,920,000ನೇ ಬ್ಲಾಕ್. ‘ದಿ ಡಾವೊ’ ಕಾಂಟ್ರಾಕ್ಟಿನಿಂದ ಕಳುವಾದ ಈಥರನ್ನು ಮರಳಿಸಲು, ಸುಮಾರು 1.2 ಕೋಟಿ ಈಥರನ್ನು ಆ ಬ್ಲಾಕಿನಲ್ಲಿ ತಂತ್ರಾಂಶದ ನಿಯಮದ ಬಲದಿಂದಲೇ ಬೇರೆ ಕಾಂಟ್ರಾಕ್ಟಿಗೆ ಸಾಗಿಸಲಾಯಿತು. ಅದಕ್ಕೆ ಸಹಿ ಇಲ್ಲ, ಹ್ಯಾಶ್ ಇಲ್ಲ, ವಹಿವಾಟೇ ಇಲ್ಲ. ವಹಿವಾಟುಗಳನ್ನು ಒಂದೊಂದಾಗಿ ಕೂಡಿಸುತ್ತಾ ಬಂದವರ ಲೆಕ್ಕಕ್ಕೆ ಆ ಮೊತ್ತ ಸಿಗುವುದಿಲ್ಲ.

ಉತ್ತರ ನಿಜವೇ ಎಂದು ಪರೀಕ್ಷಿಸುವ ದಾರಿ ಬಿಟ್‌ಕಾಯಿನ್‌ನಲ್ಲಿ ಚೆನ್ನಾಗಿದೆ, ಅದನ್ನು ಸಂಶೋಧಕರು ಬಳಸುವುದು ಮಾತ್ರ ಕಡಿಮೆ. ಬಿಡಿಸಿಟ್ಟ ಜೆಸನ್ ಬದಲು ಕಚ್ಚಾ ಬೈಟುಗಳನ್ನೇ ಕೇಳಿ ಪಡೆದು ಹ್ಯಾಶ್ ಮಾಡಿದರೆ ಐಡಿ ಹೊಂದುತ್ತದೆಯೇ ಎಂದು ತಾನೇ ನೋಡಬಹುದು. 2017ರ ಆಗಸ್ಟ್ 24ರಂದು 481,824ನೇ ಬ್ಲಾಕಿನಿಂದ ಸೆಗ್‌ವಿಟ್ ಜಾರಿಗೆ ಬಂದ ಮೇಲೆ, ಸಹಿಗಳಿರುವ ಸಾಕ್ಷಿಭಾಗವನ್ನು ತೆಗೆದು ಉಳಿದದ್ದನ್ನು ಹ್ಯಾಶ್ ಮಾಡಬೇಕು ಎಂಬುದು ನೆನಪಿರಲಿ. ಆ ವಹಿವಾಟು ಬ್ಲಾಕಿನಲ್ಲಿದೆ ಎಂಬುದಕ್ಕೆ ‘ಗೆಟ್‌ಟಿಎಕ್ಸ್‌ಔಟ್‌ಪ್ರೂಫ್’ ಕೊಡುವ ಮರ್ಕಲ್ ಪುರಾವೆ ಸಾಕು. ಅದು 80 ಬೈಟುಗಳ ಶಿರೋಭಾಗದವರೆಗೆ ಕರೆದೊಯ್ಯುತ್ತದೆ. ಮೂರನೆಯವರ ಎಪಿಐ ಬಳಸಿದವರಿಗೆ ಈ ಪರೀಕ್ಷೆ ಇನ್ನೂ ಅಗತ್ಯ. ಅಲ್ಲಿ ನೋಡ್‌ನ ಲೆಕ್ಕದ ಮೇಲೆ ಸಂಸ್ಥೆಯ ಲೆಕ್ಕವೂ ಕೂತಿರುತ್ತದೆ: ಮಾಲೀಕರ ಹೆಸರಿನ ಚೀಟಿ, ವಿಳಾಸಗಳ ಗುಂಪು, ಆ ದಿನದ ಡಾಲರ್ ಬೆಲೆ.

ಈ ಪುರಾವೆ ಇರುವುದನ್ನು ಇದೆ ಎಂದು ತೋರಿಸುತ್ತದೆ, ಇಲ್ಲದ್ದರ ಬಗ್ಗೆ ಏನೂ ಹೇಳದು. ಇದರ ತೂಕ ತಿಳಿಯಲು ಮೌಂಟ್ ಗಾಕ್ಸ್ ಪ್ರಕರಣವನ್ನು ನೋಡಬೇಕು. ಟೋಕಿಯೊದ ಆ ವಿನಿಮಯ ಕೇಂದ್ರ 2014ರ ಫೆಬ್ರವರಿ 7ರಂದು ಬಿಟ್‌ಕಾಯಿನ್ ಹಿಂಪಡೆಯುವುದನ್ನು ನಿಲ್ಲಿಸಿತು, 10ರಂದು ಅದಕ್ಕೆ ವಹಿವಾಟಿನ ಐಡಿ ಬದಲಾಗುವ ದೌರ್ಬಲ್ಯವೇ ಕಾರಣವೆಂದು ಹೇಳಿತು, 28ರಂದು ದಿವಾಳಿ ಅರ್ಜಿ ಹಾಕಿತು. ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಹೋಗಿವೆ ಎಂದು ಹೇಳಲಾಯಿತು. ಸೆಗ್‌ವಿಟ್‌ಗೂ ಮುಂಚೆ ಸಹಿಯ ಬೈಟುಗಳು ಐಡಿಯ ಲೆಕ್ಕದೊಳಗೇ ಇದ್ದವು. ಸಹಿಯನ್ನು ಅರ್ಥ ಕೆಡದಂತೆ ಬೇರೆ ರೀತಿ ಬರೆದರೆ ಪಾವತಿ ಅದೇ, ಐಡಿ ಬೇರೆ. ಬದಲಾದ ಪ್ರತಿ ಮೊದಲು ಬ್ಲಾಕಿಗೆ ಸೇರಿದರೆ, ಮೂಲ ಐಡಿಯನ್ನು ಹಿಡಿದು ಕೇಳುವ ವಿನಿಮಯ ಕೇಂದ್ರಕ್ಕೆ ವಹಿವಾಟು ಸಿಗುವುದಿಲ್ಲ. ಹಣ ಹೋಗಿಲ್ಲವೆಂದು ಅದು ಮತ್ತೆ ಕಳಿಸಬಹುದು. ಈ ಬಗೆಯ ಮೋಸ ಎಷ್ಟು ನಡೆಯಿತು ಎಂದು ಚೈನನ್ನು ಕೇಳಿದರೆ ಉತ್ತರವಿಲ್ಲ. ಗೆದ್ದ ಪ್ರತಿ ಮಾತ್ರ ಬ್ಲಾಕಿನಲ್ಲಿ ಉಳಿಯುತ್ತದೆ, ಸೋತ ಪ್ರತಿಯ ಗುರುತು ಚೈನ್‌ನಲ್ಲಿ ಎಲ್ಲೂ ಇರದು.

ಜ್ಯೂರಿಕ್‌ನ ಇಟಿಎಚ್‌ನ ಕ್ರಿಶ್ಚಿಯನ್ ಡೆಕರ್ ಮತ್ತು ರೋಜರ್ ವಾಟೆನ್‌ಹೋಫರ್ ಇದಕ್ಕೆ ಉತ್ತರ ಕೊಡಬಲ್ಲವರಾಗಿದ್ದರು. 2013ರ ಜನವರಿಯಿಂದಲೇ ಅವರು ವಿಶೇಷ ನೋಡ್‌ಗಳನ್ನು ಓಡಿಸಿ, ಜಾಲದಲ್ಲಿ ಹರಿದಾಡಿದ ವಹಿವಾಟುಗಳನ್ನು, ಮುಂದೆ ಬ್ಲಾಕಿಗೆ ಸೇರಲಿ ಬಿಡಲಿ, ಬರೆದಿಟ್ಟುಕೊಂಡು ಬಂದಿದ್ದರು. ಒಂದೇ ಪಾವತಿಯ ಭಿನ್ನ ಪ್ರತಿಗಳನ್ನು ಆ ಸಂಗ್ರಹದಲ್ಲಿ ಜೋಡಿಸಿ ಎಣಿಸಿದರು. ಅವರಿಗೆ ಕಂಡ ಇಂಥ ಪ್ರಯತ್ನಗಳಲ್ಲಿ ಒಟ್ಟು 302,700 ಬಿಟ್‌ಕಾಯಿನ್ ಸಿಕ್ಕಿಕೊಂಡಿದ್ದವು, ಆದರೆ ಮೌಂಟ್ ಗಾಕ್ಸ್ ಹಿಂಪಡೆತ ನಿಲ್ಲಿಸುವ ಮೊದಲಿನವು 1,811 ಮಾತ್ರ. ಯಶಸ್ವಿಯಾದ ಪ್ರಯತ್ನಗಳ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ದಾರಿಯಲ್ಲಿ ಹೋಗಿರಬಹುದಾದದ್ದು ಹೆಚ್ಚೆಂದರೆ 386 ಬಿಟ್‌ಕಾಯಿನ್. ಲಕ್ಷಗಳ ನಷ್ಟಕ್ಕೆ ಕೊಟ್ಟ ವಿವರಣೆ ನಿಲ್ಲಲಿಲ್ಲ.

ಇಂದು ಯಾವುದೇ ನೋಡ್‌ನಲ್ಲಿ ಪೂರ್ಣ ಸೂಚಿ ಕಟ್ಟಿ, ಎಲ್ಲ ಬ್ಲಾಕುಗಳನ್ನೂ ಮೊದಲಿನಿಂದ ಓದಿದರೂ ಈ 386 ಎಂಬ ಸಂಖ್ಯೆಯನ್ನು ಮತ್ತೆ ಹೊರಡಿಸಲಾಗದು. ಕಾಯುವ ವಹಿವಾಟುಗಳು, ಬದಲಿಸಿ ಕಳಿಸಿದವು, ಶುಲ್ಕ ಸಾಲದೆ ಬಿದ್ದುಹೋದವು, ಇವುಗಳ ಬಗ್ಗೆ ಬರೆಯಬೇಕೆಂದಿರುವವರು ನೋಡ್ ಅನ್ನು ಈಗಲೇ ಚಾಲೂ ಮಾಡಿ, ಯಾವ ದಿನದಿಂದ, ಎಷ್ಟು ನೆರೆ ನೋಡ್‌ಗಳೊಂದಿಗೆ, ಯಾವ ಆವೃತ್ತಿಯಲ್ಲಿ ಕೇಳಿಸಿಕೊಂಡರು ಎಂಬುದನ್ನು ದತ್ತಾಂಶದ ಜೊತೆಗೇ ಬರೆದಿಡಬೇಕು.